ಬೆಂಕಿ ಮೊದಲು ವಿಚಾರಿಸುವುದು ಬೋಲ್ಟನ್ನು!

ಮನೆ ಹಿಂದಿನ ಶೀಟಿನ ಮಾಡಿಗೆ ನಾಲ್ಕು ಬೋಲ್ಟ್ ಬೇಕಿತ್ತು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ಒಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದೆ. ಅಂಗಡಿಯವರು ನಕ್ಕರು. “ತೂಕ ಯಾಕೆ ನೋಡ್ತೀರ ಸಾರ್, ತಲೆ ಮೇಲೆ ಬರೆದಿರೋದು ಓದಿ!” ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಅರೆ! ಆರು ಮೂಲೆಯ ತಲೆಯ ಮೇಲೆ ಸಾಸಿವೆಯಷ್ಟು ಸಣ್ಣಗೆ ಉಬ್ಬಿ ನಿಂತಿತ್ತು: 8.8. ಇಷ್ಟು ವರ್ಷ ಸ್ಪ್ಯಾನರ್ ಹಾಕಿ ತಿರುಗಿಸಿದ್ದೇನೆ, ಒಂದು ದಿನವೂ ಓದಿರಲಿಲ್ಲ.

ಅದೊಂದು ಜಾತಕ. ಮೊದಲ 8 ಅಂದರೆ, ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದಾಜು 80 ಕೆ.ಜಿ. ಎಳೆತಕ್ಕೂ ಹರಿಯದು. ಚುಕ್ಕಿಯಾಚೆಯ 8 ಅಂದರೆ, ಅದರ ಶೇ. 80ರಷ್ಟು ಎಳೆದು ಬಿಟ್ಟರೂ ಮತ್ತೆ ಮೊದಲಿನ ಉದ್ದಕ್ಕೆ ಬಂದು ನಿಲ್ಲುತ್ತದೆ. ಮನೆಗೆ ಬಂದು 12 ಮಿ.ಮೀ. ಬೋಲ್ಟಿಗೆ ಲೆಕ್ಕ ಹಾಕಿದೆ. ಆರೂವರೆ ಟನ್ನಿಗೂ ಮೇಲೆ! ಐದು ಟನ್ ಮೀರುವ ದಸರಾ ಆನೆ, ಅದರ ಬೆನ್ನ ಮೇಲೆ 750 ಕೆ.ಜಿ.ಯ ಚಿನ್ನದ ಅಂಬಾರಿ, ಎರಡನ್ನೂ ಈ ಕಿರುಬೆರಳ ದಪ್ಪದ ಬೋಲ್ಟಿಗೆ ನೇತುಹಾಕಬಹುದು. ಲೆಕ್ಕದ ಮಟ್ಟಿಗೆ ಮಾತ್ರ, ಆನೆಗೆ ಹೇಳಬೇಡಿ.

ಈಗ ಅದೇ ಬೋಲ್ಟಿಗೆ ಬೆಂಕಿ ತಗಲಲಿ. 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತೊಲೆಯ ಸಾಮಾನ್ಯ ಉಕ್ಕಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಲ ಉಳಿದಿರುತ್ತದೆ. ಬೋಲ್ಟಿನಲ್ಲಿ? ಯೂರೋಪಿನ ಕಟ್ಟಡ ಸಂಹಿತೆಯ ಕೋಷ್ಟಕ ಹೇಳುವುದು ಬರೀ ಶೇ. 22! ಅಂಬಾರಿ ಉಳಿದೀತು, ಆನೆ ಉಳಿಯದು. ಗಟ್ಟಿಯಾದದ್ದೇ ಮೊದಲು ಸೋಲುವುದೇಕೆ? ಉತ್ತರ ಊರ ಕಮ್ಮಾರನ ಕುಲುಮೆಯಲ್ಲಿದೆ. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಹಾಕುತ್ತಾನಲ್ಲ, ಬೋಲ್ಟಿಗೆ ಆ ಬಲ ಬಂದದ್ದೂ ಹಾಗೆಯೇ. ಬೆಂಕಿ ಕೊಟ್ಟ ಹದವನ್ನು ಇನ್ನೊಂದು ಬೆಂಕಿ ಇಳಿಸಿಬಿಡುತ್ತದೆ.

ಕಟ್ಟಡದ ಭಾಗಗಳನ್ನು ಪರೀಕ್ಷಿಸುವ ಕುಲುಮೆ ಎಷ್ಟು ಬೇಗ ಕಾಯುತ್ತದೆ ಗೊತ್ತೇ? ಅಂತರರಾಷ್ಟ್ರೀಯ ಮಾನಕದ ಪ್ರಕಾರ ಆರೇ ನಿಮಿಷಕ್ಕೆ 600 ಡಿಗ್ರಿ, ಒಂದು ಗಂಟೆಗೆ 945. ಅದಕ್ಕೇ ಅಗ್ನಿ ಸುರಕ್ಷತೆಯ ಸಂಹಿತೆಗಳು ಶಕ್ತಿಯನ್ನು ಟನ್ನಿನಲ್ಲಿ ಅಳೆಯುವುದಿಲ್ಲ, ನಿಮಿಷದಲ್ಲಿ ಅಳೆಯುತ್ತವೆ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗವನ್ನು ತೆರೆದರೆ ಈ ಗೋಡೆಗೆ ಇಷ್ಟು ನಿಮಿಷ, ಆ ಬಾಗಿಲಿಗೆ ಅಷ್ಟು ನಿಮಿಷ ಎಂಬ ಪಟ್ಟಿ. ಮೊದಲು ಬೇಸರ ಬಂತು, ಆಮೇಲೆ ಮೈ ಜುಮ್ಮೆಂದಿತು. ಅವು ಮನುಷ್ಯರು ಮೆಟ್ಟಿಲಿಳಿದು ಬೀದಿ ಸೇರಲು ಬೇಕಾದ ನಿಮಿಷಗಳು!

ಇನ್ನು ಮರದ ಕಡೆ ಬನ್ನಿ, ಅಲ್ಲಿ ಲೋಕವೇ ತಲೆಕೆಳಗು. ಸೌದೆ ಒಲೆಯಿಂದ ಅರ್ಧ ಉರಿದ ದಪ್ಪ ಕೊಳ್ಳಿಯನ್ನು ತೆಗೆದು ಆರಿಸಿ ಕೊಚ್ಚಿ ನೋಡಿ. ಹೊರಗೆ ಕರೀ ಇದ್ದಿಲು, ಒಳಗೆ ಹೊಸದೆಂಬಂತಹ ಮರ. ದಪ್ಪ ತೊಲೆ ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ ಸುಡುತ್ತದೆ. ಸುಟ್ಟ ಪದರವೇ ಒಳಗಿನದಕ್ಕೆ ಕಂಬಳಿ. ಆದರೆ ಆ ಕಂಬಳಿಗೆ ನಾವು ಹೊಡೆದ ಮೊಳೆಯೇ ತೂತು. ಮರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಶಾಖ ಸಾಗಿಸುವ ಕಬ್ಬಿಣ, ಹೊರಗಿನ ಬೆಂಕಿಯನ್ನು ತೊಲೆಯ ಎದೆಗೇ ಒಯ್ಯುತ್ತದೆ. ಯೂರೋಪಿನ ಸಂಹಿತೆ, ಏನೂ ಮುಚ್ಚದ ಮರದ ಕೀಲಿನಲ್ಲಿ ಬೋಲ್ಟಿಗೆ ಕೊಡುವ ಆಯುಸ್ಸು 15 ನಿಮಿಷ, ತಲೆಯೇ ಇಲ್ಲದ ಉಕ್ಕಿನ ಕಡ್ಡಿಗೆ 20. ಬೆಂಕಿಗೆ ಮುಖ ಕೊಡುವ ತಲೆ ಇಲ್ಲದ್ದಕ್ಕೆ ಐದು ನಿಮಿಷದ ಲಾಭ! ಬೋಲ್ಟೇ ಬೇಕೆಂದರೆ ತಲೆಯನ್ನು ಒಳಗಿಳಿಸಿ, ಮೇಲೆ ಮರದ ಬಿರಡೆ ಅಂಟಿಸುತ್ತಾರೆ. ಉಕ್ಕನ್ನು ಬೆಂಕಿಯಿಂದ ಮರ ಕಾಯುತ್ತದೆ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಉಸಿರು ನಿಲ್ಲಿಸಿದ್ದು ಬೋಲ್ಟೂ ಅಲ್ಲ, ಮೊಳೆಯೂ ಅಲ್ಲ. ಒಂದು ಪ್ಲಾಸ್ಟಿಕ್ ಪಟ್ಟಿ.

2010ರ ಏಪ್ರಿಲ್ 6. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಶರ್ಲಿ ಟವರ್ಸ್ ಎಂಬ ಎತ್ತರದ ವಸತಿ ಕಟ್ಟಡ. ಒಂದು ಫ್ಲಾಟಿನಲ್ಲಿ ದೀಪದ ಬಿಸಿಗೆ ಪರದೆ ಹೊತ್ತಿಕೊಂಡಿತು. ಒಳಹೊಕ್ಕ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಹೊರಬರಲೇ ಇಲ್ಲ. ವೈರುಗಳನ್ನು ಗೋಡೆ, ಸೂರಿಗೆ ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಕರಗಿ, ವೈರುಗಳು ಬಳ್ಳಿಯಂತೆ ಜೋತುಬಿದ್ದು, ಬೆನ್ನಿನ ಉಸಿರಾಟದ ಸಾಧನಗಳಿಗೆ ಸಿಕ್ಕಿಕೊಂಡಿದ್ದವು. ಅದಕ್ಕೂ ಐದು ವರ್ಷ ಮೊದಲು, 2005ರ ಫೆಬ್ರವರಿಯಲ್ಲಿ ಸ್ಟೀವನೇಜ್‌ನ ಹ್ಯಾರೊ ಕೋರ್ಟ್‌ನಲ್ಲೂ ಇಬ್ಬರು ಸಿಬ್ಬಂದಿ ಸತ್ತಿದ್ದರು. ಅಲ್ಲೂ ಜೋತುಬಿದ್ದ ವೈರು.

ನಮ್ಮಲ್ಲೂ ಗೋಡೆಗುಂಟ ಓಡುವ ಬಿಳಿ ಪಿವಿಸಿ ಪಟ್ಟಿ ಗೊತ್ತಲ್ಲ? ಅದು 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಡಿಕಾಕ್ಷನ್‌ಗೆ ಸುರಿಯುವ ಕುದಿನೀರು ಅದಕ್ಕಿಂತ ಬಿಸಿ! ಉರಿ ಇನ್ನೂ ದೂರವಿರುವಾಗಲೇ, ಸೂರಿನಡಿ ಹರಿದು ಬರುವ ಬಿಸಿ ಹೊಗೆಯೇ ಅದನ್ನು ಕೆಡವಲು ಸಾಕು.

ಶರ್ಲಿ ಟವರ್ಸ್ ಸಾವುಗಳ ವಿಚಾರಣೆ ನಡೆಸಿದ ಅಧಿಕಾರಿ ನಿಯಮ ಬದಲಾಗಬೇಕೆಂದು ಬರೆದರು. ಬದಲಾಯಿತು! ಬ್ರಿಟನ್ನಿನ ವೈರಿಂಗ್ ನಿಯಮ ಬಿ.ಎಸ್. 7671ಕ್ಕೆ 2015ರಲ್ಲಿ ತಿದ್ದುಪಡಿ ಬಂತು: ಜನ ತಪ್ಪಿಸಿಕೊಳ್ಳುವ ದಾರಿಯಲ್ಲಿ ವೈರು ಹಿಡಿದಿಡುವ ವಸ್ತು ಬೆಂಕಿಯಲ್ಲಿ ಬೇಗ ಕಳಚಿ ಬೀಳಬಾರದು. 2018ರ ಹದಿನೆಂಟನೇ ಆವೃತ್ತಿ ಅದನ್ನು ಇಡೀ ಕಟ್ಟಡಕ್ಕೆ ಹಿಗ್ಗಿಸಿತು. ಪ್ಲಾಸ್ಟಿಕ್ ಪಟ್ಟಿಗೆ ನಿಷೇಧವೇನೂ ಇಲ್ಲ. ಒಳಗೆ ವೈರನ್ನು ತಬ್ಬಿ ಹಿಡಿಯುವ ಲೋಹದ ಕ್ಲಿಪ್ಪೊಂದು ಇರಬೇಕು, ಅಷ್ಟೇ. ಎರಡು ಬೆರಳಲ್ಲಿ ಬಗ್ಗಿಸಬಹುದಾದ ತಗಡಿನ ತುಂಡು, ಒಂದು ದೇಶದ ನಿಯಮದೊಳಗೆ ಹೋಗಿ ಕೂತಿತು.

ಅಂದಿನಿಂದ ನಾನು ಯಾರ ಮನೆಗೆ ಹೋದರೂ ಮೊದಲು ನೋಡುವುದು ಸೂರು. ಪಟ್ಟಿ, ಕ್ಲಿಪ್, ಸ್ಕ್ರೂ. ಕಾಫಿ ತಂದವರು “ಸೋರ್ತಾ ಇದೆಯಾ?” ಎಂದು ಗಾಬರಿಯಾಗುತ್ತಾರೆ.

ನಿಮ್ಮಲ್ಲೊಂದು ಮಾತು. ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ, ಮಲಗುವ ಕೋಣೆಯಿಂದ ತಲೆಬಾಗಿಲವರೆಗೆ ಮತ್ತು ಮೆಟ್ಟಿಲ ಮೇಲೆ ಹಾದುಹೋಗುವ ವೈರಿಗೆ ಅಲ್ಲಲ್ಲಿ ಲೋಹದ ಸ್ಯಾಡಲ್ ಹಾಕಿಸಿ. ಕತ್ತಲಲ್ಲಿ, ಹೊಗೆಯಲ್ಲಿ, ತೆವಳಿಕೊಂಡು ಅದೇ ದಾರಿಯಲ್ಲಿ ಬರಬೇಕಾದವರು ನೀವೇ; ಇಲ್ಲವೇ ನಿಮ್ಮನ್ನು ಹುಡುಕಿಕೊಂಡು ಬರುವವರು.