ಹೊಲಿಗೆ ಬಿದ್ದ ತಲೆ, ಕೊರಳಿಗೆ ಬಿದ್ದ ಚಿನ್ನ

ಗೋಲು ಹೊಡೆಯುವವರನ್ನು ತಡೆಯುವುದೇ ಅವರ ಕೆಲಸ. ಸ್ಟಾಪರ್ ಅಂದರೆ ಅಷ್ಟೇ ತಾನೆ? ಹಾಗಿದ್ದವರು 1962ರಲ್ಲಿ, ಜಕಾರ್ತದ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಫೈನಲ್‌ನಲ್ಲಿ, ತಲೆಯ ಮೇಲೆ ಹಸಿ ಹೊಲಿಗೆ ಇಟ್ಟುಕೊಂಡು ಸೆಂಟರ್ ಫಾರ್ವರ್ಡ್ ಆಗಿ ಇಳಿದರು. ಇಳಿದು ಗೋಲನ್ನೂ ಹೊಡೆದರು! ಜರ್ನೈಲ್ ಸಿಂಗ್ ಧಿಲ್ಲೋನ್ ಎಂಬ ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲವಲ್ಲ!

ಹುಟ್ಟಿದ್ದು 1936ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಲೈಲ್ಪುರದಲ್ಲಿ. ದೇಶ ಒಡೆದಾಗ ಗಡಿ ದಾಟಿ ಬಂದ ಹುಡುಗ, ಹೋಶಿಯಾರ್‌ಪುರ ಜಿಲ್ಲೆಯ ಮಾಹಿಲ್‌ಪುರದ ಖಾಲ್ಸಾ ಕಾಲೇಜಿನ ಮೈದಾನದಲ್ಲಿ ಬೆಳೆದ. 1959ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ ಕೈಬೀಸಿ ಕರೆಯಿತು. ಮರುವರ್ಷವೇ ರೋಮ್ ಒಲಿಂಪಿಕ್ಸ್, ಅಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-1ರ ಸಮ!

ಆದರೆ ಜಕಾರ್ತ, ಆಹಾ, ಜಕಾರ್ತದ ಕತೆಯೇ ಬೇರೆ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ಯಿಂದ ಸೋಲಿಸಿತು. ಥಾಯ್ಲೆಂಡ್ ವಿರುದ್ಧ ಗೆದ್ದರು, ಆದರೆ ಜರ್ನೈಲ್ ಅವರ ತಲೆ ಒಡೆಯಿತು, ಹೊಲಿಗೆ ಬಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಂ ಸಾಹೇಬರು ಆಗ ಮಾಡಿದ್ದನ್ನು ನೋಡಿ! ಸ್ಟಾಪರ್ ಆದವನು ಮೇಲಿಂದ ಬರುವ ಪ್ರತಿ ಚೆಂಡಿಗೂ ತಲೆ ಕೊಡಲೇಬೇಕು. ಗಾಯದ ತಲೆಗೆ ಅದು ಆಗದ ಮಾತು. ಆದರೆ ಇಂಥ ಆಟಗಾರನನ್ನು ಹೊರಗೆ ಕೂರಿಸುವುದಾದರೂ ಹೇಗೆ? ಹಿಂದಿದ್ದವರನ್ನು ಎತ್ತಿ ಮುಂಚೂಣಿಯಲ್ಲಿ ನಿಲ್ಲಿಸಿಬಿಟ್ಟರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಚುನಿ ಗೋಸ್ವಾಮಿ ಎರಡು ಗೋಲು, ಜರ್ನೈಲ್ ಒಂದು. 3-2.

ಅಷ್ಟು ಹೊತ್ತಿಗೆ ಊರೇ ಭಾರತದ ಮೇಲೆ ಮುನಿದಿತ್ತು. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಇಂಡೋನೇಷ್ಯಾ ಬಾಗಿಲು ಹಾಕಿದ್ದನ್ನು ನಮ್ಮ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರು. ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯೂ ಆಯಿತು. ಬಸ್ಸಿನಲ್ಲಿ ಜರ್ನೈಲ್ ಅವರ ಪೇಟ ಯಾರ ಕಣ್ಣಿಗೂ ಬೀಳದಿರಲೆಂದು ಅವರು ನೆಲದ ಮೇಲೆ ಕೂತು ಬಂದರೆಂದು ತಂಡದವರು ನೆನೆಯುತ್ತಿದ್ದರು. ಸೆಪ್ಟೆಂಬರ್ 4ರ ಫೈನಲ್‌ಗೆ ಕ್ರೀಡಾಂಗಣವೆಲ್ಲ ಕೂಗುತ್ತಿತ್ತು, ಭಾರತದ ವಿರುದ್ಧ! ನಮಗಾಗಿ ಕೂಗಿದವರು ಯಾರು ಬಲ್ಲಿರಾ? ಪಾಕಿಸ್ತಾನದ ಹಾಕಿ ಆಟಗಾರರು!

ಎದುರಿಗೆ ಅದೇ ಕೊರಿಯಾ. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು. ಮೂರೇ ನಿಮಿಷ ಕಳೆದಿರಬೇಕು, ಜರ್ನೈಲ್! ಕೊರಿಯಾ ಕೊನೆಗೆ ಒಂದನ್ನು ತೀರಿಸಿತು, ಅಷ್ಟೇ. 2-1. ರಹೀಂ ಸಾಹೇಬರ ಮೈಯೊಳಗೆ ಕ್ಯಾನ್ಸರ್ ಹೊಕ್ಕಿತ್ತು. ಮರುವರ್ಷ ಅವರು ತೀರಿಕೊಂಡರು.

ಆಮೇಲೆ ಜರ್ನೈಲ್ ಮತ್ತೆ ತಮ್ಮ ಜಾಗಕ್ಕೆ, ಹಿಂದಕ್ಕೆ ಹೋದರು. ಮೋಹನ್ ಬಾಗಾನ್ 1963ರಿಂದ ಮೂರು ವರ್ಷ ಸಾಲಾಗಿ ಡ್ಯುರಾಂಡ್ ಕಪ್ ಗೆದ್ದಿತು. 1964ರಲ್ಲಿ ಅರ್ಜುನ ಪ್ರಶಸ್ತಿ, ನಂತರ ಭಾರತದ ನಾಯಕತ್ವ. ಸತ್ತದ್ದು 2000ದಲ್ಲಿ, ದೂರದ ಕೆನಡಾದಲ್ಲಿ.

ಭಾರತ ಫುಟ್‌ಬಾಲ್‌ನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು ಎರಡೇ ಸಲ, 1951ರಲ್ಲಿ ಮತ್ತು 1962ರಲ್ಲಿ. ಅಲ್ಲಿಂದ ಮುಂದೆ ಒಂದೂ ಇಲ್ಲ.