ಕಿರಿದಾದ ಜಠರ, ತೆಂಗಿನ ಸೀಮೆಯ ಊಟ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಪರೇಷನ್ ಥಿಯೇಟರಿನಲ್ಲಿ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆಯಾದರೂ, ಅದರಿಂದ ಚೇತರಿಸಿಕೊಳ್ಳುವ ಕೆಲಸ ನಡೆಯುವುದು ರೋಗಿಯ ಮನೆಯಲ್ಲಿ, ಅದೂ ಹೆಚ್ಚಾಗಿ ಅಡುಗೆಮನೆಯ ಸುತ್ತ, ಹಲವು ತಿಂಗಳುಗಳ ಕಾಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಿಂದ ಈ ಚಿಕಿತ್ಸೆಗೆ ಹೋಗುವವರು ಸಾಮಾನ್ಯವಾಗಿ ಬೆಂಗಳೂರಿನಂತಹ ನಗರದ ಆಸ್ಪತ್ರೆಯನ್ನೇ ಆಶ್ರಯಿಸಬೇಕಾಗುತ್ತದೆ. ಎರಡು ಮೂರು ದಿನಗಳ ಬಳಿಕ ಬಿಡುಗಡೆ ಹೊಂದಿ ಸುಮಾರು 140 ಕಿಲೋಮೀಟರು ಪ್ರಯಾಣ ಮಾಡಿ ತೋಟದ ಮನೆ ಸೇರಿದ ಮೇಲೆ, ಹೊಟ್ಟೆ ತೊಳಸಿದಾಗ ಏನು ಕೊಡಬೇಕು, ಯಾವ ವಾಂತಿಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ತೀರ್ಮಾನಿಸುವವರು ಶಸ್ತ್ರವೈದ್ಯರಲ್ಲ, ಮನೆಯವರು. ಆದ್ದರಿಂದ ವಾಕರಿಕೆಯ ಹಿಂದಿರುವ ಕಾರಣಗಳು ಮನೆಯವರಿಗೆ ತಿಳಿದಿರುವುದು ರೋಗಿಯ ಕ್ಷೇಮಕ್ಕೆ ಅತ್ಯಗತ್ಯ.

ಬೇರಿಯಾಟ್ರಿಕ್ ಎಂದು ಕರೆಯುವ ಈ ಶಸ್ತ್ರಚಿಕಿತ್ಸೆಗಳಲ್ಲಿ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಸ್ಲೀವ್ ಗ್ಯಾಸ್ಟ್ರೆಕ್ಟಮಿ: ಜಠರದ ಹೊರಬಾಗಿನುದ್ದಕ್ಕೂ ಕತ್ತರಿಸಿ ಅದರ ಶೇ. 75ರಿಂದ 80ರಷ್ಟನ್ನು ತೆಗೆದುಹಾಕಿ, ಚೀಲದಂತಿದ್ದ ಅಂಗವನ್ನು ಅಂಗಿಯ ತೋಳಿನಂತಹ ಸಪೂರ ಕೊಳವೆಯಾಗಿ ಉಳಿಸುವುದು. ಎರಡನೆಯದು ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳಿನ ಮುಂದಿನ ಭಾಗವನ್ನು ನೇರವಾಗಿ ಜೋಡಿಸುವುದು. ಹುಣ್ಣಿನ ಕಾರಣಕ್ಕೆ ಜಠರದ ಭಾಗ ಕಳೆದುಕೊಂಡವರು ಮತ್ತೆ ದಪ್ಪವಾಗುವುದಿಲ್ಲವೆಂಬುದನ್ನು ಗಮನಿಸಿದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಬೈಪಾಸಿನ ಮೊದಲ ರೂಪವನ್ನು ಆರಂಭಿಸಿದರು. ಇಂದು ಅದನ್ನು ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಲ್ಯಾಪರೊಸ್ಕೋಪಿಯಿಂದ ಮಾಡುತ್ತಾರೆ. ಹೊರಗಿನ ಗಾಯ ಚಿಕ್ಕದಾಗಿರುವುದರಿಂದ ಒಳಗಿನ ಬದಲಾವಣೆಯೂ ಚಿಕ್ಕದೆಂಬ ಭಾವನೆ ಮನೆಯವರಲ್ಲಿ ಮೂಡುವುದು ಸಹಜ, ಆದರೆ ಅದು ನಿಜವಲ್ಲ.

ಮೊದಲ ಒಂದೆರಡು ದಿನಗಳ ವಾಕರಿಕೆಗೆ ಮುಖ್ಯ ಕಾರಣ ಅರಿವಳಿಕೆ ಮತ್ತು ನೋವಿಗೆ ಕೊಡುವ ಅಫೀಮಿನ ವರ್ಗದ ಔಷಧಗಳು. ಮಿದುಳಿನ ಕಾಂಡದಲ್ಲಿರುವ ಏರಿಯಾ ಪೋಸ್ಟ್ರೀಮಾ ಎಂಬ ಸಣ್ಣ ಭಾಗಕ್ಕೆ, ಮಿದುಳಿನ ಉಳಿದೆಡೆ ಇರುವಂತೆ ರಕ್ತದೊಳಗಿನ ವಸ್ತುಗಳನ್ನು ತಡೆಯುವ ಬಿಗಿಯಾದ ತಡೆಗೋಡೆ ಇರುವುದಿಲ್ಲವಾದ್ದರಿಂದ, ರಕ್ತದಲ್ಲಿ ತೇಲಿಬರುವ ವಿಷವನ್ನೋ ಔಷಧವನ್ನೋ ಅದು ಒಡನೆಯೇ ಗುರುತಿಸಿ ವಾಂತಿಯ ಸೂಚನೆ ಹೊರಡಿಸುತ್ತದೆ. ಜಠರ ಮತ್ತು ಕರುಳಿನಿಂದ ಹೊರಟ ವೇಗಸ್ ನರವೂ ಹೊಲಿಗೆ, ಬಾವು, ಒತ್ತಡಗಳ ಸುದ್ದಿಯನ್ನು ಅಲ್ಲಿಗೇ ಮುಟ್ಟಿಸುತ್ತದೆ. ಹೆಂಗಸರು, ಧೂಮಪಾನ ಮಾಡದವರು, ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸುವವರು, ಅಫೀಮಿನ ವರ್ಗದ ನೋವುಶಾಮಕ ಪಡೆದವರು, ಈ ನಾಲ್ಕು ಲಕ್ಷಣಗಳಲ್ಲಿ ಹೆಚ್ಚು ಲಕ್ಷಣಗಳು ಯಾರಲ್ಲಿ ಕೂಡಿರುತ್ತವೆಯೋ ಅವರಿಗೆ ಶಸ್ತ್ರಚಿಕಿತ್ಸೆಯ ನಂತರದ ವಾಂತಿ ಹೆಚ್ಚೆಂದು ಜರ್ಮನಿಯ ಅರಿವಳಿಕೆ ತಜ್ಞ ಕ್ರಿಶ್ಚಿಯನ್ ಆಪ್ಫೆಲ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಈ ವಾಕರಿಕೆ ಒಂಡನ್‌ಸೆಟ್ರಾನ್‌ನಂತಹ ಮಾತ್ರೆಗೆ ಬಗ್ಗುತ್ತದೆ, ದಿನಗಳೆದಂತೆ ತಾನಾಗಿಯೂ ಇಳಿಯುತ್ತದೆ. ಆ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು.

ಮನೆಗೆ ಬಂದ ಮೇಲಿನ ವಾಕರಿಕೆಯ ಸ್ವರೂಪ ಬೇರೆ. ಆರೋಗ್ಯವಂತ ಜಠರಕ್ಕೆ ಊಟ ಬರುತ್ತಿದ್ದಂತೆ ಅದರ ಮೇಲ್ಭಾಗ ಸಡಿಲಗೊಂಡು, ಒಳಗಿನ ಒತ್ತಡ ಹೆಚ್ಚದಂತೆ, ಒಂದು ಲೀಟರಿಗೂ ಮೀರಿ ಹಿಡಿಸಿಕೊಳ್ಳಬಲ್ಲದು. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯುವುದು ಹಿಗ್ಗುವ ಈ ಭಾಗವನ್ನೇ. ಉಳಿಯುವ ಕೊಳವೆಗೆ 100ರಿಂದ 150 ಮಿಲಿಲೀಟರು ಹಿಡಿಯುತ್ತದೆ, ಅದರ ಗೋಡೆ ಬಾವಿನಿಂದ ಬಿಗಿದಿರುತ್ತದೆ, ಕೆಳತುದಿಯಲ್ಲಿ ಪೈಲೋರಸ್ ಎಂಬ ಕವಾಟ ಮೊದಲಿನಂತೆಯೇ ಮುಚ್ಚಿ ತೆರೆಯುತ್ತಿರುತ್ತದೆ. ಹೀಗಾಗಿ ಒಂದು ತುತ್ತು ಹೆಚ್ಚಾದರೂ ಒತ್ತಡ ಏಕಾಏಕಿ ಏರಿ, ಎದೆಯ ನಡುವೆ ಹಿಡಿದಂತಾಗಿ, ಬಾಯಲ್ಲಿ ನೊರೆನೊರೆಯಾದ ಜೊಲ್ಲು ತುಂಬಿ, ತಿಂದದ್ದು ಹಿಂದಕ್ಕೆ ಬರುತ್ತದೆ. ಇದು ಅಜೀರ್ಣವಲ್ಲ, ಪಿತ್ತವೂ ಅಲ್ಲ, ಕೇವಲ ಜಾಗದ ಕೊರತೆ. ಇದಕ್ಕೆ ಜೀರಿಗೆ ಕಷಾಯಕ್ಕಿಂತ ತುತ್ತನ್ನು ಚಿಕ್ಕದು ಮಾಡುವುದೇ ಸರಿಯಾದ ಮದ್ದು.

ಅದೇ ಮೇಲ್ಭಾಗದಲ್ಲಿ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತದೆ. ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ 1999ರಲ್ಲಿ ಇದನ್ನು ಕಂಡುಹಿಡಿದರು. ಅದರ ಮೂಲವೇ ಹೋದಾಗ ಹಸಿವು ಮರೆತುಹೋಗುತ್ತದೆ, ಅದರ ಬೆನ್ನಿಗೆ ನೀರು ಕುಡಿಯುವ ನೆನಪೂ ಹಿಂದೆ ಬೀಳುತ್ತದೆ. ದೇಹದಲ್ಲಿ ನೀರು ಕಡಿಮೆಯಾದರೆ ಅದೊಂದರಿಂದಲೇ ವಾಕರಿಕೆ ಹುಟ್ಟುತ್ತದೆ, ವಾಕರಿಕೆಯಿಂದ ಕುಡಿಯುವುದು ಇನ್ನಷ್ಟು ಕಡಿಮೆಯಾಗುತ್ತದೆ. ಮೊದಲ ತಿಂಗಳಲ್ಲಿ ರೋಗಿಗಳು ಮತ್ತೆ ಆಸ್ಪತ್ರೆ ಸೇರುವ ಸಾಮಾನ್ಯ ಕಾರಣಗಳಲ್ಲಿ ಈ ಸುಳಿಯೂ ಒಂದು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ದ್ರವ ಒಳಗೆ ಹೋಗಬೇಕು, ಆದರೆ ಲೋಟ ಎತ್ತಿ ಗಟಗಟನೆ ಕುಡಿಯುವ ಹಾಗಿಲ್ಲ. ಕೂಸಿಗೆ ಹಾಲು ಕುಡಿಸುವ ಒಳಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಒಂದು ಒಳಲೆ, ಕೆಲವು ನಿಮಿಷಗಳ ಬಿಡುವು, ಮತ್ತೊಂದು ಒಳಲೆ, ಹೀಗೆ ಎಚ್ಚರವಿರುವಷ್ಟು ಹೊತ್ತೂ.

ತೆಂಗಿನ ಸೀಮೆಯಲ್ಲಿ ರೋಗಿಯ ಮುಂದೆ ಮೊದಲು ಬರುವುದು ಎಳನೀರು. ಅದು ಒಳ್ಳೆಯ ಪಾನೀಯವೇ: ಸಿಹಿ ಮಿತವಾಗಿದೆ, 100 ಮಿಲಿಲೀಟರಿಗೆ ಸಕ್ಕರೆ ಸಾಮಾನ್ಯವಾಗಿ 5 ಗ್ರಾಂ ದಾಟುವುದಿಲ್ಲ, ಪೊಟ್ಯಾಸಿಯಂ ಹೇರಳವಾಗಿದೆ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು ಎಳನೀರಿನ ಬುರುಡೆಯೊಳಗೆ ಇರುವ ನೀರು ಈ ಹೊಸ ಜಠರದ ಅಳತೆಯನ್ನು ಸುಲಭವಾಗಿ ಮೀರುತ್ತದೆಯಾದ್ದರಿಂದ, ಕೆತ್ತಿಕೊಟ್ಟ ಬುರುಡೆಯನ್ನು ಎತ್ತಿ ಒಂದೇ ಉಸಿರಿಗೆ ಕುಡಿಯುವ ರೂಢಿಯನ್ನು ಬಿಟ್ಟು ಅದನ್ನೂ ಗುಟುಕು ಗುಟುಕಾಗಿಯೇ ಕುಡಿಯಬೇಕು. ಇನ್ನೊಂದು, ಎಳನೀರಿನಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ತೀರ ಕಡಿಮೆ. ವಾಂತಿಯಲ್ಲಿ ಹೊರಹೋಗುವ ಉಪ್ಪನ್ನು ಅದೊಂದೇ ತುಂಬಿಕೊಡಲಾರದು. ಉಪ್ಪು ಹಾಕಿದ ತೆಳು ಮಜ್ಜಿಗೆ, ಇಲ್ಲವೇ ಓಆರ್‌ಎಸ್ ಪುಡಿಯ ದ್ರಾವಣ ಅದರ ಜೊತೆಗಿರಬೇಕು. ಮೂತ್ರಪಿಂಡ ಸೊರಗಿದವರು ಮತ್ತು ಪೊಟ್ಯಾಸಿಯಂ ಹೆಚ್ಚಿಸುವ ಬಗೆಯ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ದಿನವೂ ಎಳನೀರು ಕುಡಿಯಬಾರದು.

ಊಟದ ವಿಷಯದಲ್ಲಿ ಈ ಸೀಮೆಯ ರೂಢಿಗೂ ಹೊಸ ಜಠರದ ಅಗತ್ಯಕ್ಕೂ ನೇರವಾದ ವಿರೋಧವಿದೆ. ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಬಾಲ್ಯದಿಂದ ಮೈಗೂಡಿದ ಈ ಕೌಶಲ ಶಸ್ತ್ರಚಿಕಿತ್ಸೆಯ ನಂತರ ತೊಂದರೆಗೆ ದಾರಿಯಾಗುತ್ತದೆ, ಏಕೆಂದರೆ ಅಗಿಯದೆ ಇಳಿದ ಅಂಟಾದ ತುತ್ತು ಸಪೂರ ಕೊಳವೆಯ ಬಾಗಿನಲ್ಲಿ ಹಾಗೆಯೇ ನಿಂತುಬಿಡಬಹುದು. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ ಎಂದು ಆಹಾರ ತಜ್ಞರು ಹೇಳಿ ಕಳುಹಿಸಿದಾಗ, ಮುದ್ದೆಗೂ ಈ ಮಾತು ಅನ್ವಯಿಸುತ್ತದೆಂಬುದು ಮನೆಯವರಿಗೆ ಹೊಳೆಯದೆ ಹೋಗಬಹುದು. ಹಾಗೆಂದು ರಾಗಿಯನ್ನೇ ದೂರವಿಡಬೇಕಾಗಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಷ್ಟಿಷ್ಟು ವ್ಯತ್ಯಾಸವಿದ್ದರೂ, ಮೊದಲ ಸುಮಾರು ಎರಡು ವಾರ ದ್ರವಾಹಾರ, ಮುಂದಿನ ಎರಡು ವಾರ ನುಣ್ಣಗೆ ರುಬ್ಬಿದ ಆಹಾರ, ಆಮೇಲೆ ಮೆತ್ತಗಿನದು, ಆರೆಂಟು ವಾರಗಳ ನಂತರ ಸಾಮಾನ್ಯ ಊಟ ಎಂಬುದು ರೂಢಿಯ ಕ್ರಮ. ತೆಳುವಾಗಿ ಕಾಸಿ ಸೋಸಿದ ರಾಗಿ ಗಂಜಿ ಈ ಕ್ರಮದಲ್ಲಿ ಬೇಗನೆ ಜಾಗ ಪಡೆಯುತ್ತದೆ, ಮುದ್ದೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆಯ ಅಂತರವಿರಬೇಕು.

ಜಾಗ ಇಷ್ಟೇ ಇರುವುದರಿಂದ ಅದನ್ನು ಮೊದಲು ಪಡೆಯಬೇಕಾದದ್ದು ಪ್ರೋಟೀನು: ದಿನಕ್ಕೆ 60ರಿಂದ 80 ಗ್ರಾಂ. ಹುರುಳಿ, ಹೆಸರುಕಾಳು, ಅಲಸಂದೆಗಳ ಕಟ್ಟಿನಿಂದ ಬಸ್ಸಾರು ಮಾಡುವ ಈ ಸೀಮೆಯ ಅಡುಗೆ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಕಟ್ಟಿನಲ್ಲಿ ರುಚಿ ಇರುವಷ್ಟು ಪ್ರೋಟೀನು ಇರುವುದಿಲ್ಲ. ಬಸಿದ ಮೇಲೆ ಉಳಿಯುವ ಕಾಳನ್ನೇ ನುಣ್ಣಗೆ ರುಬ್ಬಿ ಅದಕ್ಕೆ ಸೇರಿಸಿದಾಗ ಮಾತ್ರ ಅದು ಪೌಷ್ಟಿಕ ಆಹಾರವಾಗುತ್ತದೆ. ಮೊಸರು, ಮೊಟ್ಟೆ, ಪನೀರು, ವೈದ್ಯರು ಬರೆದುಕೊಟ್ಟ ಪ್ರೋಟೀನು ಪುಡಿ ಉಳಿದ ಕೊರತೆಯನ್ನು ತುಂಬುತ್ತವೆ. ಬಿಸಿ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವವರಿಗೆ ತಣ್ಣಗಿನ ಮೊಸರು ಸಾಮಾನ್ಯವಾಗಿ ಸಲೀಸಾಗಿ ಇಳಿಯುತ್ತದೆ.

ಸುಸ್ತಾದವರಿಗೆ ಬಾಣಂತಿಯ ಪಥ್ಯವನ್ನೇ ಕೊಡುವ ಅಕ್ಕರೆ ಈ ಕಡೆಯ ಮನೆಗಳಲ್ಲಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯಲ್ಲಿ ಮೂರನೇ ಎರಡು ಪಾಲಿನಷ್ಟು ಕೊಬ್ಬೇ ಇರುತ್ತದೆ. ಅದನ್ನು ಬೆಲ್ಲ, ತುಪ್ಪ, ಅಂಟಿನೊಂದಿಗೆ ಬೆರೆಸಿ ಕಟ್ಟಿದ ಅಂಟಿನುಂಡೆ ಬಾಣಂತಿಗೆ ಸಲ್ಲಬಹುದು, ಬೈಪಾಸ್ ಆದವರಿಗೆ ಸಲ್ಲದು. ಒಬ್ಬಟ್ಟಿನೊಂದಿಗೆ ಬಡಿಸುವ ಬೆಲ್ಲದ ಕಾಯಿಹಾಲೂ ಹಾಗೆಯೇ. ಪೈಲೋರಸ್ ಕವಾಟವನ್ನು ದಾಟದೆ ಸಕ್ಕರೆ ನೇರವಾಗಿ ಸಣ್ಣ ಕರುಳಿಗೆ ಸುರಿದಾಗ, ಆ ಗಟ್ಟಿ ಪಾಕವನ್ನು ತೆಳು ಮಾಡಲು ಕರುಳು ರಕ್ತದಿಂದ ನೀರನ್ನು ಸೆಳೆದುಕೊಳ್ಳುತ್ತದೆ. ತಿಂದ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಎದೆ ಹೊಡೆದುಕೊಂಡು, ಬೆವೆತು, ವಾಕರಿಸಿ, ಭೇದಿಯಾಗುತ್ತದೆ. ಇದನ್ನು ಡಂಪಿಂಗ್ ಎನ್ನುತ್ತಾರೆ. ಒಂದರಿಂದ ಮೂರು ಗಂಟೆಗಳ ನಂತರ ಇನ್ಸುಲಿನ್ ಮಿತಿಮೀರಿ ಸುರಿದು ರಕ್ತದ ಸಕ್ಕರೆ ಕುಸಿಯುವುದು ಇದರ ಎರಡನೆಯ ರೂಪ. ಸ್ಲೀವ್ ಆದವರಲ್ಲಿಯೂ ಇದು ಕಾಣಿಸಬಹುದು, ಆದರೆ ಕಡಿಮೆ.

ಹಳೆಯ ಮಾತ್ರೆಗಳನ್ನು ಹಳೆಯ ಅಳತೆಯಲ್ಲಿಯೇ ಮುಂದುವರಿಸುವುದೂ ಅಪಾಯಕಾರಿ. ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್‌ನ ಅಗತ್ಯ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ನುಂಗುತ್ತಿರುವವರು ಊಟ ಕಡಿಮೆಯಾದಾಗ, ಸಕ್ಕರೆಯ ಮಟ್ಟ ಸರಿಯಿದ್ದಂತೆ ಕಂಡರೂ, ರಕ್ತ ಆಮ್ಲೀಯವಾಗಿ ವಾಂತಿ ಮಾಡಿಕೊಳ್ಳಬಹುದು. ಮೈಕೈ ನೋವಿಗೆಂದು ಔಷಧಿ ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬೈಪಾಸ್ ಜೋಡಣೆಯಲ್ಲಿ ಹುಣ್ಣು ಎಬ್ಬಿಸುತ್ತವೆ, ಬೀಡಿ ಸಿಗರೇಟೂ ಅದನ್ನೇ ಮಾಡುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕಾಯಿ ಸುಲಿಯುವುದು, ಕೊಬ್ಬರಿ ಮೂಟೆ ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಆದರೆ ಹಾಸಿಗೆಯಲ್ಲಿ ಮಲಗಿರುವುದೂ ಬೇಡ, ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟದಿರಲು ಮೊದಲ ದಿನದಿಂದಲೇ ನಡೆದಾಡಬೇಕು. ತಿಂಗಳುಗಳು ಕಳೆದ ಮೇಲೆ ಹರೆಯದ ಹೆಂಗಸಿಗೆ ಹೊಸದಾಗಿ ವಾಕರಿಕೆ ಬಂದರೆ ಗರ್ಭದ ಪರೀಕ್ಷೆಯನ್ನೂ ಮಾಡಿಸಬೇಕು, ಏಕೆಂದರೆ ತೂಕ ಇಳಿದಾಗ ನಿಂತಿದ್ದ ಅಂಡೋತ್ಪತ್ತಿ ಮರಳುತ್ತದೆ. ಗರ್ಭಧಾರಣೆಯನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡುವುದು ವೈದ್ಯರ ಸಲಹೆ.

ಕೆಲವು ಲಕ್ಷಣಗಳು ಕಂಡರೆ ಕಾಯುತ್ತ ಕೂರಬಾರದು. ಮೊದಲ ವಾರಗಳಲ್ಲಿ ನಾಡಿ ನಿಮಿಷಕ್ಕೆ 120 ದಾಟಿ, ಜ್ವರ, ಏದುಸಿರು, ಎಡಭುಜದ ನೋವು, ಹೆಚ್ಚುತ್ತಿರುವ ಹೊಟ್ಟೆನೋವುಗಳಲ್ಲಿ ಯಾವುದಾದರೂ ಜೊತೆಗೂಡಿದರೆ ಹೊಲಿಗೆ ಸೋರುತ್ತಿರುವ ಶಂಕೆಯಿಂದ ತಕ್ಷಣ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ನೀರೂ ನಿಲ್ಲದ ವಾಂತಿ ಒಂದು ದಿನ ದಾಟಿದರೆ ಜಠರದ ಕೊಳವೆಯೋ ಜೋಡಣೆಯೋ ಕಿರಿದಾಗಿರಬಹುದು. ಎಂಡೋಸ್ಕೋಪಿಯಲ್ಲಿ ಅದನ್ನು ನೋಡಬಹುದು, ಬಲೂನಿನಿಂದ ಹಿಗ್ಗಿಸಲೂಬಹುದು.

ಮನೆಯವರಿಗೆ ಅತಿ ಕಡಿಮೆ ಪರಿಚಿತವಾದ ಅಪಾಯ ಬೇರೊಂದಿದೆ. ಥಯಮಿನ್ ಎಂಬ ಬಿ1 ಜೀವಸತ್ವವನ್ನು ದೇಹ ಹೆಚ್ಚು ಕೂಡಿಟ್ಟುಕೊಳ್ಳುವುದಿಲ್ಲ. ಹೊರಗಿನಿಂದ ಬರುವುದು ನಿಂತರೆ ಇರುವ ದಾಸ್ತಾನು ಎರಡು ಮೂರು ವಾರಗಳಲ್ಲಿ ಬರಿದಾಗುತ್ತದೆ. ಊಟ ಕಡಿಮೆಯಾಗಿ, ವಾಂತಿಯೂ ಸೇರಿ, ನುಂಗಿದ ಮಾತ್ರೆಯೂ ನಿಲ್ಲದ ರೋಗಿಯಲ್ಲಿ ಆಗುವುದು ಇದೇ. ಥಯಮಿನ್ ಇಲ್ಲದೆ ಜೀವಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸಲಾರವು, ಗ್ಲೂಕೋಸನ್ನೇ ನಂಬಿದ ಮಿದುಳು ಮೊದಲು ಕೆಡುತ್ತದೆ. ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗಲಿಬಿಲಿಯಾಗುವುದು ಇದರ ಲಕ್ಷಣಗಳು. ಮೂರೂ ಒಟ್ಟಿಗೆ ಕಾಣುವುದು ಕೆಲವೇ ರೋಗಿಗಳಲ್ಲಿ, ಆದ್ದರಿಂದ ಒಂದು ಕಂಡರೂ ಸಾಕೆಂದು ತಿಳಿಯಬೇಕು. ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದ ಈ ರೋಗಕ್ಕೆ ಅವರದೇ ಹೆಸರಿದೆ. ಅವರು ವಿವರಿಸಿದ ಮೂವರಲ್ಲಿ ಇಬ್ಬರು ಕುಡಿತದವರಾಗಿದ್ದರು, ಆದರೆ ಕುಡಿತದ ಸೋಂಕೇ ಇಲ್ಲದವರಿಗೂ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಇದು ಬರಬಲ್ಲದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ವಾಂತಿಯಿಂದ ಬಳಲಿದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿ’ ಎಂದು ಕೇಳುವ ರೂಢಿ ನಮ್ಮ ಊರುಗಳಲ್ಲಿ ಎಷ್ಟು ಸಹಜವೆಂದರೆ ಅದರಿಂದ ಕೆಡುಕಾದೀತೆಂಬ ಯೋಚನೆಯೇ ಬರುವುದಿಲ್ಲ. ಆದರೆ ಥಯಮಿನ್ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ, ಅಳಿದುಳಿದ ಥಯಮಿನ್ ಆ ಗ್ಲೂಕೋಸನ್ನು ಉರಿಸುವುದರಲ್ಲೇ ತೀರಿಹೋಗಿ, ಅದುವರೆಗೆ ಮರೆಯಲ್ಲಿದ್ದ ರೋಗ ಹೊರಬೀಳಬಹುದು. ಆದ್ದರಿಂದ ಇಂತಹವರಿಗೆ ಮೊದಲು ಥಯಮಿನ್ ಚುಚ್ಚುಮದ್ದು, ದ್ರವಕ್ಕೆ ಸಲೈನ್, ಆಮೇಲೆ ಗ್ಲೂಕೋಸ್ ಎಂಬುದು ವೈದ್ಯಕೀಯದ ನಿಯಮ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿದ್ದರೆ ಮಾತ್ರ ಗ್ಲೂಕೋಸನ್ನು ತಡೆಹಿಡಿಯದೆ ಎರಡನ್ನೂ ಒಟ್ಟಿಗೆ ಕೊಡಬೇಕು. ಹೊಟ್ಟೆಯ ಮೇಲಿನ ನಾಲ್ಕೈದು ಚಿಕ್ಕ ಗುರುತುಗಳನ್ನು ನೋಡಿ ಒಳಗೆ ಏನಾಗಿದೆಯೆಂದು ಹೊಸ ವೈದ್ಯರು ಊಹಿಸಲಾರರು, ಸಂಕೋಚದಿಂದ ಶಸ್ತ್ರಚಿಕಿತ್ಸೆಯ ವಿಷಯವನ್ನು ಮುಚ್ಚಿಡುವವರೂ ಇದ್ದಾರೆ. ಬೆಂಗಳೂರಿನಲ್ಲಿ ಕೊಟ್ಟ ಡಿಸ್ಚಾರ್ಜ್ ಚೀಟಿಯ ಒಂದು ಪ್ರತಿ ಸದಾ ಕೈಗೆ ಸಿಗುವಂತಿರಲಿ. ವಾಂತಿಗೆಂದು ಊರಿನ ಯಾವ ಕ್ಲಿನಿಕ್ಕಿನ ಬಾಗಿಲಿಗೆ ಹೋದರೂ ಅದನ್ನು ಮೊದಲು ತೋರಿಸಿ, ಗ್ಲೂಕೋಸಿಗೆ ಮುನ್ನ ಥಯಮಿನ್ ಕೊಡಬೇಕೇ ಎಂದು ಬಾಯಿಬಿಟ್ಟು ಕೇಳಿರಿ.