ಹುಬ್ಬಳ್ಳಿ–ಬೆಂಗಳೂರು ಪ್ರಯಾಣ: ಬಸ್ಸೇ, ರೈಲೇ, ವಿಮಾನವೇ?

ನಮ್ಮ ರೈತರ ಓಡಾಟ ಈಗ ವಾರದ ಸಂತೆ ಮತ್ತು ತಾಲ್ಲೂಕು ಕಚೇರಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಕೃಷಿ ಮೇಳ, ತರಬೇತಿ, ಮಕ್ಕಳ ಕಾಲೇಜು ಪ್ರವೇಶ, ಆಸ್ಪತ್ರೆ ಎಂದು ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ದೂರದ ನಗರಕ್ಕೆ ಹೋಗಿಬರಬೇಕಾಗುತ್ತದೆ. ಬೀಜ ಗೊಬ್ಬರ ಕೊಳ್ಳುವಾಗ ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವ ರೈತರು, ಪ್ರಯಾಣದ ವಿಷಯದಲ್ಲಿ ಮಾತ್ರ ಮೊದಲು ಸಿಕ್ಕ ಬಸ್ಸನ್ನು ಹತ್ತಿಬಿಡುವುದು ಸಾಮಾನ್ಯವಾಗಿ ಕಂಡುಬರುತ್ತದೆ.

ಹೋದ ಹಂಗಾಮಿನಲ್ಲಿ ನವಲಗುಂದದ ಕಡೆಯ ರೈತರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಸಾಹೇಬ್ರ, ನವೆಂಬರದಾಗ ಬೆಂಗ್ಳೂರು ಮ್ಯಾಳಕ್ಕ ಹೋಗಬೇಕಂತ ಮಾಡೀವಿ. ಬಸ್ಸಿಗೆ ಹೋಗೂದು ಚಲೋನೋ, ರೈಲಿಗೋ? ನಮ್ಮ ಹುಡುಗ ವಿಮಾನಕ್ಕ ಹೋಗೂಣು ಅಂತಾನ” ಎಂದರು. “ಯಜಮಾನ್ರ, ನೀವು ಇಲ್ಲದಾಗ ಮನ್ಯಾಗ ಹಾಲು ಹಿಂಡೋರು ಯಾರು?” ಎಂದು ನಾನು ಮರುಪ್ರಶ್ನೆ ಹಾಕಿದೆ. ಅವರು ನಕ್ಕರು. ಆದರೆ ಅವರ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಆರಂಭವಾಗಬೇಕು. ನೌಕರರು ರಜೆ ಹಾಕಿ ಹೋಗುತ್ತಾರೆ; ದನಕರುಗಳಿಗೆ ರಜೆಯಿಲ್ಲ. ಆದ್ದರಿಂದ ರೈತರು ಲೆಕ್ಕ ಹಾಕಬೇಕಾದದ್ದು ಟಿಕೆಟಿನ ಹಣವನ್ನು ಅಥವಾ ಒಟ್ಟು ಗಂಟೆಗಳನ್ನು ಮಾತ್ರವಲ್ಲ, ಹಗಲಿನ ಎಷ್ಟು ಗಂಟೆ ಹೊಲಮನೆಯ ಕೆಲಸ ತಪ್ಪುತ್ತದೆ ಎಂಬುದನ್ನು.

ದಾರಿ ಮತ್ತು ದೂರ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 410 ಕಿ.ಮೀ. ಆಗುತ್ತದೆ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಈ ದಾರಿಯ ಊರುಗಳು. ರೈಲು ಮಾರ್ಗವು ದಾವಣಗೆರೆಯ ನಂತರ ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ, ತಿಪಟೂರುಗಳ ಕಡೆಗೆ ಬಳಸಿಕೊಂಡು ಬರುವುದರಿಂದ 469 ಕಿ.ಮೀ. ಆಗುತ್ತದೆ. ಈ ಹಾದಿ ಮೊದಲು ಮೀಟರ್‌ಗೇಜ್ ಆಗಿದ್ದು, 1990ರ ದಶಕದಲ್ಲಿ ಬ್ರಾಡ್‌ಗೇಜ್‌ಗೆ ಪರಿವರ್ತನೆಯಾಯಿತು. ಅದಕ್ಕೂ ಮೊದಲು ಪ್ರಯಾಣ ಮಾಡಿದ ಹಿರಿಯರಲ್ಲಿ “ರೈಲೆಂದರೆ ತಡ” ಎಂಬ ಭಾವನೆ ಇನ್ನೂ ಉಳಿದಿದೆ. ಈಗ ಅದು ನಿಜವಲ್ಲ.

ರಾತ್ರಿಯ ಬಸ್ಸು ಏಳೆಂಟು ಗಂಟೆಗಳಲ್ಲಿ ಬೆಂಗಳೂರು ಸೇರುತ್ತದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಂತಹ ರಾತ್ರಿ ರೈಲುಗಳಿಗೂ ಸರಿಸುಮಾರು ಅಷ್ಟೇ ಸಮಯ ಬೇಕು. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಇಡೀ ಹಾದಿಯನ್ನು ಸುಮಾರು ಆರೂವರೆ ಗಂಟೆಯಲ್ಲಿ ಕ್ರಮಿಸುತ್ತದೆ. ವಿಮಾನ ಆಕಾಶದಲ್ಲಿರುವುದು ಒಂದು ಗಂಟೆಯ ಆಸುಪಾಸು ಮಾತ್ರ.

ಒಂದು ಗಂಟೆಯ ವಿಮಾನ, ಆರು ಗಂಟೆಯ ಪ್ರಯಾಣ

ಈ ಒಂದು ಗಂಟೆಯೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಹಳ್ಳಿಯಲ್ಲಿರುವ ರೈತರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಳ್ಳಿಯಿಂದ ಹುಬ್ಬಳ್ಳಿಗೆ ಒಂದು ಗಂಟೆ. ಬಸ್ ನಿಲ್ದಾಣದಿಂದ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆ. ವಿಮಾನ ಹೊರಡುವ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು, ಇಳಿದ ಮೇಲೆ ಚೀಲ ಪಡೆದು ಹೊರಬರಲು ಅರ್ಧ ಗಂಟೆ. ಬೆಂಗಳೂರಿನ ವಿಮಾನ ನಿಲ್ದಾಣ 2008ರ ಮೇ ತಿಂಗಳಿನಲ್ಲಿ ಹೆಚ್.ಎ.ಎಲ್. ಬಿಟ್ಟು ದೇವನಹಳ್ಳಿಗೆ ಹೋಯಿತು. ಅಲ್ಲಿಂದ ನಗರದ ಮಧ್ಯಭಾಗಕ್ಕೆ ಸುಮಾರು 35 ಕಿ.ಮೀ. ಮೆಜೆಸ್ಟಿಕ್ಕಿಗೆ ಬರಲು ಒಂದೂವರೆ ಗಂಟೆ ಹಿಡಿಯಿರಿ. ಎಲ್ಲವನ್ನೂ ಕೂಡಿಸಿದರೆ ಆರೂವರೆ ಗಂಟೆಗೂ ಮೇಲಾಗುತ್ತದೆ. ಅದೂ ಬಹುಪಾಲು ಹಗಲಿನ ಹೊತ್ತು.

ಅದೇ ರೈತರು ಸಂಜೆಯ ಹಾಲು ಹಿಂಡಿ, ಡೇರಿಗೆ ಹಾಕಿ, ಊಟ ಮುಗಿಸಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಬೆಂಗಳೂರಿನಲ್ಲಿರುತ್ತಾರೆ. ಒಟ್ಟು ಸಮಯ ಹತ್ತು ಗಂಟೆಯಾದರೂ ತಪ್ಪಿದ ಹಗಲಿನ ಕೆಲಸ ಬಹುತೇಕ ಸೊನ್ನೆ. ಜೊತೆಗೆ ಒಂದು ರಾತ್ರಿಯ ಲಾಡ್ಜಿನ ಬಾಡಿಗೆ ಉಳಿಯುತ್ತದೆ. ವಂದೇ ಭಾರತ್ ರೈಲು ವೇಗವಾದುದಾದರೂ ಧಾರವಾಡದಿಂದ ಮಧ್ಯಾಹ್ನ ಹೊರಟು ರಾತ್ರಿ ಬೆಂಗಳೂರು ಮುಟ್ಟುವಂತೆ ಓಡುತ್ತಿದೆ. ಅಂದಮೇಲೆ ಅರ್ಧ ದಿನದ ಕೆಲಸವೂ ಹೋಯಿತು, ರಾತ್ರಿ ತಂಗಲು ಖರ್ಚೂ ಬಂತು. ಬೆಂಗಳೂರಿನಲ್ಲಿ ಮಗಳ ಮನೆಯಿದ್ದವರ ಮಾತು ಬೇರೆ.

ಹಾಗೆಂದು ವಿಮಾನ ರೈತರಿಗಲ್ಲ ಎಂದು ತಿಳಿಯಬಾರದು. ಒಂದು ವಿಶೇಷವನ್ನು ಗಮನಿಸಿ: ಕೃಷಿ ಮೇಳ ನಡೆಯುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಇರುವುದು ಬಳ್ಳಾರಿ ರಸ್ತೆಯಲ್ಲಿ, ಅಂದರೆ ದೇವನಹಳ್ಳಿಯಿಂದ ನಗರಕ್ಕೆ ಬರುವ ದಾರಿಯಲ್ಲಿಯೇ. ಮೇಳಕ್ಕೆ ಹೋಗುವವರಿಗೆ ಹೆಬ್ಬಾಳದ ದಟ್ಟಣೆ ದಾಟುವ ಗೋಜಿಲ್ಲ. ಬೇರೆ ರಾಜ್ಯದ ಸಭೆಗೆ ಬೆಂಗಳೂರಿನಿಂದ ಮತ್ತೊಂದು ವಿಮಾನ ಹಿಡಿಯಬೇಕಾದವರಿಗೂ, ತುರ್ತಾಗಿ ಹೋಗಿ ಅದೇ ದಿನ ಮರಳಬೇಕಾದವರಿಗೂ ಇದು ಉಪಯುಕ್ತ. ಆದರೆ ಅದರ ದರ ರೈಲಿನಂತೆ ನಿಗದಿಯಾಗಿಲ್ಲ. ಉಳಿದ ಸೀಟುಗಳು ಕಡಿಮೆಯಾದಂತೆ ಏರುತ್ತದೆ. ಮಾರುಕಟ್ಟೆಯ ಟೊಮೆಟೊ ಧಾರಣೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಂಗಳ ಮೊದಲೇ ಕಾದಿರಿಸಿದರೆ ದರ ಸಾಮಾನ್ಯವಾಗಿ ಇಳಿದಿರುತ್ತದೆ. ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಮರಳುವ ಹಣ ಅತ್ಯಲ್ಪ.

ಜೊತೆಗೆ ಏನು ಒಯ್ಯುತ್ತೀರಿ?

ಪಟ್ಟಣಿಗರ ಪ್ರಯಾಣಕ್ಕೂ ರೈತರ ಪ್ರಯಾಣಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ರೈತರು ಬರಿಗೈಯಲ್ಲಿ ಹೋಗುವುದೂ ಇಲ್ಲ, ಬರುವುದೂ ಇಲ್ಲ. ವಿಮಾನದಲ್ಲಿ ಸಾಮಾನ್ಯವಾಗಿ ಕೈಯಲ್ಲಿ 7 ಕಿಲೋ, ಒಪ್ಪಿಸುವ ಚೀಲದಲ್ಲಿ 15 ಕಿಲೋ ಒಯ್ಯಬಹುದು. ಮೇಲಿನ ಪ್ರತಿ ಕಿಲೋಗೂ ಹಣ ತೆರಬೇಕು. ರೈಲಿನ ಸ್ಲೀಪರ್ ದರ್ಜೆಯಲ್ಲಿ 40 ಕಿಲೋ, ಎರಡನೆಯ ದರ್ಜೆಯಲ್ಲಿ 35 ಕಿಲೋ ಉಚಿತ. ರಾಜ್ಯ ಸಾರಿಗೆ ಬಸ್ಸಿನಲ್ಲಿ ವಯಸ್ಕರಿಗೆ 30 ಕಿಲೋವರೆಗೆ ಅವಕಾಶವಿದೆ. ಇದಕ್ಕೂ ಹೆಚ್ಚಿನ ಬೀಜದ ಚೀಲಗಳಿದ್ದರೆ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡುವುದೇ ಅಗ್ಗ.

ಕುಡುಗೋಲು, ಕಸಿ ಚಾಕು, ಸವರುವ ಕತ್ತರಿ ಮುಂತಾದವುಗಳನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಒಪ್ಪಿಸುವ ಚೀಲದಲ್ಲಿಡಬೇಕು. ಕೀಟನಾಶಕಗಳಿಗೆ ಎರಡರಲ್ಲಿಯೂ ಅವಕಾಶವಿಲ್ಲ. ಒಣ ಕೊಬ್ಬರಿಗೂ ಇಲ್ಲವೆಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ತಿಪಟೂರು ಕಡೆಯ ಬೀಗರು ಕೊಟ್ಟ ಕೊಬ್ಬರಿಯನ್ನು ರೈಲಿನಲ್ಲಿಯೇ ತರುವುದು ಲೇಸು. ಕೀಟನಾಶಕವನ್ನಾದರೋ ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಒಯ್ಯಕೂಡದು. ನಿಮ್ಮ ಊರಿನ ಸಮೀಪದ ಅಂಗಡಿಯಲ್ಲಿಯೇ ಕೊಳ್ಳಿರಿ.

ಅತಿ ಮುಖ್ಯವಾದದ್ದು ಜೀವಂತ ವಸ್ತುಗಳು. ಅಣಬೆ ಬೀಜ, ರೈಜೋಬಿಯಂ ಮತ್ತು ಟ್ರೈಕೊಡರ್ಮಾ ಪೊಟ್ಟಣಗಳು ಶಾಖವನ್ನು ಸಹಿಸವು. ಕೆಲವು ವರ್ಷಗಳ ಹಿಂದೆ ನಾನೇ ಬೆಂಗಳೂರಿನಿಂದ ಅಣಬೆ ಬೀಜದ ಪೊಟ್ಟಣಗಳನ್ನು ತರುವಾಗ, ಕಾಲಿಡಲು ಜಾಗವಿಲ್ಲವೆಂದು ಹಗಲಿನ ಬಸ್ಸಿನ ಹಿಂದಿನ ಡಿಕ್ಕಿಯಲ್ಲಿ ಹಾಕಿಸಿದೆ. ಏಪ್ರಿಲ್ ತಿಂಗಳು, ಕೆಳಗೆ ಎಂಜಿನ್ನಿನ ಕಾವು. ಹುಬ್ಬಳ್ಳಿಯಲ್ಲಿ ತೆಗೆದು ನೋಡಿದಾಗ ಹತ್ತಿಯಂತೆ ಬೆಳ್ಳಗಿದ್ದ ಬೀಜ ಹಳದಿ ನೀರು ಬಿಟ್ಟು ಹುಳಿವಾಸನೆ ಹೊಡೆಯುತ್ತಿತ್ತು. ಎರಡು ಸ್ತ್ರೀಶಕ್ತಿ ಸಂಘಗಳ ಮಹಿಳೆಯರು ಹುಲ್ಲನ್ನು ಕತ್ತರಿಸಿ, ನೆನೆಹಾಕಿ, ಕುದಿಸಿ ಕಾದು ಕುಳಿತಿದ್ದರು. ಅವರ ಮುಂದೆ ನಿಂತು ಏನು ಹೇಳಬೇಕೆಂದು ತಿಳಿಯಲಿಲ್ಲ. ಅಂದಿನಿಂದ ಇಂತಹವುಗಳನ್ನು ರಾತ್ರಿ ರೈಲಿನಲ್ಲಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ, ನನ್ನ ಬರ್ತಿನ ಪಕ್ಕದಲ್ಲಿಯೇ ಇಟ್ಟುಕೊಂಡು ತರುತ್ತೇನೆ. ಕಸಿ ಗಿಡಗಳಿಗೂ ಇದೇ ಮಾತು. ಬೇರಿನ ಮಣ್ಣಿನ ಹೆಂಟೆ ಒಡೆಯದಂತೆ ಒದ್ದೆ ಗೋಣಿತಾಟು ಸುತ್ತಿ, ನೆಟ್ಟಗೆ ನಿಲ್ಲಿಸಿ ತರಬೇಕು. ಮಣ್ಣಿನ ಮಾದರಿ ಮಾತ್ರ ಅರ್ಧ ಕಿಲೋ ಚೀಲ, ಯಾವುದರಲ್ಲಿ ಒಯ್ದರೂ ಸರಿ.

ಬಸ್ಸಿನ ಅನುಕೂಲ, ಬಸ್ಸಿನ ಅಪಾಯ

ಬಸ್ಸಿಗೆ ಇರುವ ದೊಡ್ಡ ಗುಣವೆಂದರೆ ಅದು ಕಾಯುವುದಿಲ್ಲವಾದರೂ ಇನ್ನೊಂದು ಬರುತ್ತದೆ. ಮುಂಗಡ ಟಿಕೆಟಿಲ್ಲದೆ ಅಂದೇ ಹೊರಡಬಹುದು. ರಾಣೆಬೆನ್ನೂರು, ಹರಿಹರದಂತಹ ಊರುಗಳಲ್ಲಿ ಇಳಿದು ಹತ್ತಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ಮನೆಯ ಹೆಣ್ಣುಮಕ್ಕಳು ಮೇಳಕ್ಕೆ ಹೋಗಲು “ಖರ್ಚು” ಎಂಬ ನೆಪ ಇನ್ನು ಉಳಿದಿಲ್ಲ.

ಖಾಸಗಿ ಸ್ಲೀಪರ್ ಬಸ್ಸುಗಳಲ್ಲಿ ಹಬ್ಬದ ಹಿಂದುಮುಂದು ದರ ಏರುತ್ತದೆ. ಅದಕ್ಕಿಂತ ಚಿಂತಿಸಬೇಕಾದದ್ದು ಸುರಕ್ಷತೆ. 2013ರ ನವೆಂಬರ್ 14ರಂದು ಇದೇ ಹೆದ್ದಾರಿಯಲ್ಲಿ, ಹಾವೇರಿಯ ಸಮೀಪ, ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಬಸ್ಸು ನಸುಕಿನಲ್ಲಿ ಬೆಂಕಿಗೆ ಆಹುತಿಯಾಗಿ ಏಳು ಮಂದಿ ತೀರಿಕೊಂಡರು. ಯಾವುದೇ ರಾತ್ರಿ ಬಸ್ಸು ಹತ್ತಿದೊಡನೆ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ಕಣ್ಣಾರೆ ನೋಡಿ ಮಲಗಬೇಕು. ನಡುದಾರಿಯಲ್ಲಿ ಚೀಲಗಳನ್ನು ಒಟ್ಟಿದ್ದರೆ ಕಂಡಕ್ಟರಿಗೆ ಹೇಳಿ ತೆಗೆಸಬೇಕು. ಸಂಕೋಚ ಬೇಡ.

ಮುದುಕರು, ಸಕ್ಕರೆ ಕಾಯಿಲೆಯವರು, ಬಸುರಿಯರು ಮತ್ತು ಆಸ್ಪತ್ರೆಗೆ ಹೊರಟ ರೋಗಿಗಳಿಗೆ ಬಸ್ಸು ಸೂಕ್ತವಲ್ಲ. ಮೂತ್ರಕ್ಕೆ ಚಾಲಕರು ನಿಲ್ಲಿಸಿದಾಗಲೇ ಹೋಗಬೇಕೆಂಬ ಭಯದಿಂದ ಅನೇಕರು ಇಡೀ ರಾತ್ರಿ ನೀರನ್ನೇ ಕುಡಿಯುವುದಿಲ್ಲ. ಕಿದ್ವಾಯಿ, ಜಯದೇವ, ನಿಮ್ಹಾನ್ಸ್‌ಗಳಿಗೆ ಹೋಗುವವರು ರೈಲಿನ ಕೆಳಗಿನ ಬರ್ತನ್ನೇ ಹಿಡಿಯಬೇಕು. 60 ವರ್ಷ ದಾಟಿದ ಗಂಡಸರಿಗೆ ಮತ್ತು 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಇದೆ. ಅರ್ಜಿಯಲ್ಲಿ ವಯಸ್ಸನ್ನು ಸರಿಯಾಗಿ ಬರೆಯಿರಿ. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ದರದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು.

ರೈಲು ಟಿಕೆಟ್ ಕಾದಿರಿಸುವ ಕ್ರಮ

ರೈಲಿನ ತೊಂದರೆಯೆಂದರೆ ಟಿಕೆಟು. 2024ರ ನವೆಂಬರ್ 1ರಿಂದ ಮುಂಗಡ ಕಾದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಲಾಗಿದೆ. ಕೃಷಿ ಮೇಳದ ದಿನಾಂಕ ಪ್ರಕಟವಾದ ಕೂಡಲೇ ಹೋಗುವ ಮತ್ತು ಬರುವ ಎರಡೂ ಟಿಕೆಟುಗಳನ್ನು ಒಟ್ಟಿಗೆ ಮಾಡಿಸುವುದು ಒಳ್ಳೆಯದು. ಮರಳುವ ಟಿಕೆಟನ್ನು ಮರೆಯುವವರೇ ಹೆಚ್ಚು. ತಡವಾದವರಿಗೆ ಹೊರಡುವ ಹಿಂದಿನ ದಿನ ತತ್ಕಾಲ್ ಇದೆ: ಹವಾನಿಯಂತ್ರಿತ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್ ದರ್ಜೆಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ಫೋನಿನಲ್ಲಿ ತತ್ಕಾಲ್ ಪಡೆಯಲು ಆಧಾರ್ ಜೋಡಿಸಿದ ಖಾತೆ ಕಡ್ಡಾಯವಾಗಿದೆ. ವೇಟಿಂಗ್ ಲಿಸ್ಟ್ ಟಿಕೆಟು ಹಿಡಿದು ಸ್ಲೀಪರ್ ಡಬ್ಬಿ ಹತ್ತುವುದು ನಿಯಮಬಾಹಿರ. ಅಂತಹವರು ಸಾಮಾನ್ಯ ಡಬ್ಬಿಗೆ ಹೋಗಬೇಕಾಗುತ್ತದೆ.

ಎಲ್ಲಿ ಇಳಿಯಬೇಕು?

ಹೆಚ್ಚಿನ ರೈತರು ಬೆಂಗಳೂರೆಂದರೆ ಮೆಜೆಸ್ಟಿಕ್ ಎಂದು ತಿಳಿದು ಕೊನೆಯವರೆಗೂ ಹೋಗುತ್ತಾರೆ. ಹೆಬ್ಬಾಳದ ಕಡೆಗೆ ಹೋಗಬೇಕಾದವರು ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ, ಬಸ್ಸಿನಲ್ಲಿ ಬಂದರೆ ತುಮಕೂರು ರಸ್ತೆಯ ಗೊರಗುಂಟೆಪಾಳ್ಯದಲ್ಲಿ ಇಳಿಯಬೇಕು. ಅಲ್ಲಿಂದ ಹೊರ ವರ್ತುಲ ರಸ್ತೆಯ ಬಸ್ಸುಗಳು ನೇರವಾಗಿ ಹೆಬ್ಬಾಳಕ್ಕೆ ಹೋಗುತ್ತವೆ. ಮೆಜೆಸ್ಟಿಕ್ಕಿಗೇ ಹೋಗಬೇಕಾದವರಿಗೂ ಗೊರಗುಂಟೆಪಾಳ್ಯ ಮತ್ತು ಯಶವಂತಪುರಗಳಲ್ಲಿ ಮೆಟ್ರೋ ನಿಲ್ದಾಣಗಳಿವೆ. ಬೆಳಗಿನ ದಟ್ಟಣೆಯಲ್ಲಿ ಬಸ್ಸಿನಲ್ಲಿಯೇ ಕುಳಿತಿರುವುದಕ್ಕಿಂತ ಇದರಿಂದ ಬೇಗ ಸೇರಬಹುದು.

ದಕ್ಷಿಣದ ಜಿಲ್ಲೆಗಳಿಂದ ಧಾರವಾಡದ ಮೇಳಕ್ಕೆ ಬರುವವರಿಗೂ ಒಂದು ಸೂಚನೆ. ಕೃಷಿ ವಿಶ್ವವಿದ್ಯಾನಿಲಯದ ಆವರಣವು ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿಯೇ ಇರುವುದರಿಂದ ರೈಲು ಧಾರವಾಡದವರೆಗೆ ಹೋಗದಿದ್ದರೂ ಚಿಂತೆಯಿಲ್ಲ, ಹುಬ್ಬಳ್ಳಿಯಲ್ಲಿ ಇಳಿದು ಬಸ್ಸಿಗೆ ಬರಬಹುದು. ಮರಳುವಾಗ ಹುಬ್ಬಳ್ಳಿಯಲ್ಲಿ ರೈಲು ಹತ್ತುವವರು ಸ್ವಲ್ಪ ಮುಂಚಿತವಾಗಿ ಬರಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು, ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂದು ದಾಖಲೆಯಾಗಿದೆ. ತಲೆಯ ಮೇಲೆ ಬೀಜದ ಚೀಲ ಹೊತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಇಪ್ಪತ್ತು ನಿಮಿಷಗಳೇ ಬೇಕು. ನಿಮ್ಮ ಡಬ್ಬಿ ಯಾವ ಕಡೆ ನಿಲ್ಲುತ್ತದೆಂದು ಒಳಗೆ ಬರುವ ಮೊದಲೇ ವಿಚಾರಿಸಿಕೊಳ್ಳಿ.